ಎಮ್ಮೆ ಮಲಗುವಾಗ ಉಸ್ಸೆನ್ನುವುದೇಕೆ

ಭೂಮಿಗೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲವದು. ಆಗ ಕೋಡಮ್ಮ ಎಂಬ ಮೊದಲ ಎಮ್ಮೆಯ ಎದೆಯಲ್ಲಿ ಇಬ್ಬರು ಗಾಳಿಯವ್ವಂದಿರು ಸಂಸಾರ ಹೂಡಿದ್ದರು. ಹಿರಿಯವಳು ಬಿರುಸವ್ವ, ಕಿರಿಯವಳು ತಂಪವ್ವ. ಇಬ್ಬರೂ ಆಕಾಶಪ್ಪನ ಸೊಸೆಯರು, ಓರಗಿತ್ತಿಯರು. ಇನ್ನು ಕೇಳಬೇಕೆ!

ಮನೆಗೊಂದು ಪದ್ಧತಿ ಇತ್ತು. ಒಲೆ ಒಂದೇ, ಆದ್ದರಿಂದ ಪಾಳಿ ಮುಗಿದವಳು ಮೂಗಿನ ಬಾಗಿಲಿಂದ ಹೊರಗೆ ಹೋಗಬೇಕು. ಆಮೇಲೆ ಇನ್ನೊಬ್ಬಳು ಒಳಗೆ ಬರಬೇಕು.

ಹುಲಿ ಬಂದರೆ ಬಿರುಸವ್ವನ ಪಾಳಿ. ಹೊಟ್ಟೆಯ ಒಲೆ ಆರಿಸಿ, ಗುಂಡಿಗೆಯ ನಗಾರಿ ಬಾರಿಸಿ, ಕಾಲಿಗೆ ಓಟ ಕೊಡುತ್ತಿದ್ದಳು. ಹುಲಿ ಹೋದಮೇಲೆ ತಂಪವ್ವ ಬರುತ್ತಿದ್ದಳು. ಒಲೆ ಹಚ್ಚಿ ಹುಲ್ಲು ಬೇಯಿಸುವುದು, ಗಾಯ ಮಾಯಿಸುವುದು, ಕೆಚ್ಚಲಿಗೆ ಹಾಲು ಇಳಿಸುವುದು, ಎಲ್ಲ ಅವಳದೇ.

ಕೋಡಮ್ಮ ಕಣ್ಣು ಮುಚ್ಚಿ, "ಆಹಾ, ನನ್ನ ತಂಪವ್ವ ಬಂದಳು. ಇವಳಂಥವಳು ಇನ್ನೊಬ್ಬಳಿಲ್ಲ" ಅನ್ನುವಳು.

ಹೊರಗೆ ಮುಳ್ಳಿನ ಪೊದೆಯ ಮೇಲೆ ಕೂತ ಬಿರುಸವ್ವನಿಗೆ ಇದು ಕೇಳಿಸುತ್ತಿತ್ತು. "ಹುಲಿಬಾಯಿಂದ ತಪ್ಪಿಸಿದ್ದು ನಾನು, ಹೊಗಳಿಕೆ ಇವಳಿಗೆ! ಈ ಕೋಡಮ್ಮ ಒಂದು ದಿನವಾದರೂ ನನ್ನ ಹೆಸರು ಹಿಡಿದು ಕರೆದಳಾ?" ಹೊಟ್ಟೆಕಿಚ್ಚಿನಿಂದ ಅವಳ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ಹುಲಿ ಅಟ್ಟಿಸಿಕೊಂಡು ಬಂತು. ಕೋಡಮ್ಮ ಕರುವಿನ ಜೊತೆ ಓಡಿ ಪಾರಾದಳು. ಬಿರುಸವ್ವ ಮಾತ್ರ ಹೊರಗೆ ಹೋಗಲಿಲ್ಲ. ಬಾಗಿಲಿಗೆ ಅಡ್ಡ ಕೂತುಬಿಟ್ಟಳು.

"ಅಕ್ಕಾ, ಹುಲಿ ಹೋಯ್ತಲ್ಲ, ದಾರಿ ಬಿಡು" ಅಂದಳು ತಂಪವ್ವ.

"ಹೋಗೇ! ಇವತ್ತು ಒಲೆ ನಾನೇ ಹಚ್ತೀನಿ. ನನ್ನ ಕೈರುಚಿಯನ್ನೂ ನೋಡಲಿ."

ಹಚ್ಚುವುದೇನೋ ಹಚ್ಚಿದಳು. ಆದರೆ ಅವಳಿಗೆ ಮೆಲ್ಲಗೆ ಊದುವುದು ಗೊತ್ತೇ? ಜೋರಾಗಿ ಊದಿದಳು, ಒಲೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಊದಿದಳು, ಮತ್ತೆ ಆರಿತು. ಹುಲ್ಲು ಹಸಿಯಾಗಿಯೇ ಉಳಿಯಿತು. ಕೋಡಮ್ಮನ ಬಾಯಿ ಒಣಗಿತು. ತರಗೆಲೆ ಅಲ್ಲಾಡಿದರೂ ನಗಾರಿ ಢಂ ಢಂ! ಕೆಚ್ಚಲಿಗೆ ಒಂದು ಹನಿ ಹಾಲು ಇಳಿಯಲಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಓರಗಿತ್ತಿಯರ ಜಗಳದಲ್ಲಿ ಕರು ಬಡವಾಯಿತು. ಕೆಚ್ಚಲಿಗೆ ಗುದ್ದಿ ಗುದ್ದಿ ಸೋತು, "ಅಮ್ಮಾ, ಹಾಲು" ಎಂದು ಕುಸಿದು ಬಿತ್ತು.

ಆಗ ಕೋಡಮ್ಮ ಕೂಗಿದಳು: "ಬಿರುಸವ್ವಾ! ಹುಲಿ ಬಂದಾಗ ನೀನೇ ನನಗೆ ದಿಕ್ಕು ಕಣೇ ತಾಯಿ. ಆದರೆ ಕರು ಸತ್ತರೆ ನಾನು ಯಾರಿಗಾಗಿ ಓಡಲಿ?"

ಬಿರುಸವ್ವ ತಲೆ ಎತ್ತಿದಳು. ಎಷ್ಟು ಕಾಲದಿಂದ ಕಾದಿದ್ದಳು ಈ ಕರೆಗೆ! ಆದರೆ ಕಣ್ಣೆದುರಿಗೆ ಬಿದ್ದ ಕರು. ಬಾಗಿಲಿಗೆ ಅಡ್ಡ ಕೂತವಳು ಎದ್ದು ನಿಂತಳು.

"ಹೊರಡ್ತೀನಿ" ಅಂದಳು. ಹೊಟ್ಟೆಕಿಚ್ಚು ಅಷ್ಟು ಬೇಗ ಆರುತ್ತದೆಯೇ? "ಆದರೆ ಕಳ್ಳಿಯ ಹಾಗೆ ಸುಮ್ಮನೆ ಹೋಗೋಳಲ್ಲ ನಾನು. ಮೊದಲು ನನ್ನ ಸದ್ದು, ಆಮೇಲೆ ಇವಳ ಪಾಳಿ. ಎಲ್ಲರಿಗೂ ಕೇಳಬೇಕು!"

ಉಸ್ಸ್ಸ್! ಮೂಗಿನ ಬಾಗಿಲು ತೆರೆದು ಹೊರಟಳು. ತಂಪವ್ವ ಒಳಗೆ ಓಡಿದಳು. ನಗಾರಿ ಮೆತ್ತಗಾಯಿತು, ಬಾಯಲ್ಲಿ ನೀರೂರಿತು, ಕೋಡಮ್ಮ ಮೆಲುಕು ಹಾಕಿದಳು. ಹಾಲಿನ ವಾಸನೆಗೆ ಕರು ಕಣ್ಣು ಬಿಟ್ಟಿತು.

ಅದಕ್ಕೇ ಇವತ್ತಿಗೂ ಎಮ್ಮೆ ಮಲಗಿದರೆ ಮೊದಲು ಉದ್ದಕ್ಕೆ ಉಸ್ಸೆಂದು, ಆಮೇಲೆ ಮೆಲುಕು ಹಾಕುತ್ತದೆ. ಹೊರೆ ಇಳಿಸಿ ಕೂತ ನಿಮ್ಮಮ್ಮ "ಉಸ್ಸಪ್ಪಾ" ಅಂದಾಗಲೂ ಹೊರಟವಳು ಅದೇ ಬಿರುಸವ್ವ, ಹೊಗಳಿಕೆ ಮಾತ್ರ ಈಗಲೂ ತಂಪವ್ವನಿಗೇ.