ಮರಕುಟಿಗ ಒಪ್ಪದ ಅಪ್ಡೇಟ್

ಮತ್ತಿ, ಹೊನ್ನೆ, ಬಿದಿರು ಒತ್ತಾಗಿ ಬೆಳೆದ ಒಂದು ಕಾಡಿನಲ್ಲಿ ಪ್ರಾಣಿ ಪಕ್ಷಿಗಳೆಲ್ಲ ಮೊಬೈಲ್ ಫೋನು ಇಟ್ಟುಕೊಂಡಿದ್ದವು. ಅದರಲ್ಲಿ ಹಾಡು ಕೇಳುವ ಚಟ ಯಾವುದಕ್ಕೂ ಇರಲಿಲ್ಲ. ಎಲ್ಲಕ್ಕೂ ಬೇಕಾಗಿದ್ದದ್ದು 'ಹುಷಾರು' ಎಂಬ ಒಂದೇ ಆ್ಯಪ್. ಬೇಟೆಯಾಡುವ ಪ್ರಾಣಿಯನ್ನೋ ಕಾಡ್ಗಿಚ್ಚನ್ನೋ ಮೊದಲು ಕಂಡ ಜೀವ ಅದರ ಗುಂಡಿ ಒತ್ತಬೇಕು. ಒತ್ತಿದರೆ ಸಾಕು, ಕಾಡಿನ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಳ್ಳುತ್ತಿದ್ದವು. ಜೀವಗಳೆಲ್ಲ ಇದ್ದಲ್ಲಿಂದ ಓಡಿ ಅಡಗುತ್ತಿದ್ದವು.

ಈ ಆ್ಯಪ್ ಬರೆದದ್ದು ಕೆಂಜುಟ್ಟಿ ಎಂಬ ಮರಕುಟಿಗ. ಮತ್ತಿ ಮರದ ಪೊಟರೆಯಲ್ಲಿ ಕೂತು ಕೊಕ್ಕಿನಿಂದ ಟಕಟಕ ಕುಟ್ಟಿ ಬರೆದಿತ್ತು. ಕೆಟ್ಟಾಗ ಸರಿಮಾಡುತ್ತಿದ್ದದ್ದೂ ಅದೇ. ಮಾತು ಕಮ್ಮಿ, ಹಟ ಜಾಸ್ತಿ.

ಕಾಟಿ ಎನ್ನುವ ಕಾಡುಕೋಣ, ಕಡವೆಯಂಥ ದೊಡ್ಡ ಪ್ರಾಣಿಗಳು ಆಗಾಗ ಹೊಸ ಫೋನು ತರಿಸಿಕೊಳ್ಳುತ್ತಿದ್ದವು. ಹಳೆಯದು ಜಿಂಕೆಗೆ ಹೋಗುತ್ತಿತ್ತು. ಜಿಂಕೆ ಬಳಸಿ ಬಿಟ್ಟದ್ದು ಮೊಲಕ್ಕೆ. ಮೊಲ ಬಿಟ್ಟದ್ದು ಹಕ್ಕಿಗೆ, ಹೆಗ್ಗಣಕ್ಕೆ. ಹಾಗಾಗಿ ನೆಲದ ಮೇಲೆ, ಬಿಲದ ಒಳಗೆ ಬದುಕುವ ಚಿಕ್ಕ ಜೀವಗಳ ಹತ್ತಿರ ಇದ್ದವೆಲ್ಲ ಓಬೀರಾಯನ ಕಾಲದ ಫೋನುಗಳು. ಬೂದಜ್ಜಿ ಎಂಬ ಮುದಿ ಗೌಜಲಕ್ಕಿಯ ಫೋನಿನ ಗಾಜು ಒಡೆದು ಚೂರಾಗಿತ್ತು, ಹಿಂದಿನ ಮುಚ್ಚಳ ಮರದ ಅಂಟಿನಿಂದ ನಿಂತಿತ್ತು. ಆದರೂ 'ಹುಷಾರು' ಅದರಲ್ಲಿ ಗಂಟಲು ಕಿತ್ತುಹೋಗುವಂತೆ ಕೂಗುತ್ತಿತ್ತು.

ಒಂದು ದಿನ ಪುನುಗು ಬೆಕ್ಕು ಮತ್ತಿ ಮರ ಹತ್ತಿ ಬಂತು. ಅದು ಬರುವ ಮೊದಲೇ ಅದರ ಮೈಯ ಘಮಲು ಬಂತು. ಮಾತೂ ಹಾಗೆಯೇ, ನಯವಾಗಿ ಹರಡುತ್ತಿತ್ತು.

"ಕೆಂಜುಟ್ಟಿ ತಂಗೀ, ಇಷ್ಟು ಒಳ್ಳೇ ಆ್ಯಪು ಬರೀ ಕಿರುಚಿದರೆ ಸಾಕಾ? ಚಿರತೆ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸಬೇಕು. ಅಪಾಯ ಇದ್ದಲ್ಲಿ ಕೆಂಪು, ಇಲ್ಲದ ಕಡೆ ಹಸಿರು. ಆ ಕೆಲಸ ನಾನು ಬರೆದು ಮುಗಿಸಿಟ್ಟಿದ್ದೇನೆ. ಹೀಗೆ ಒಬ್ಬರು ಬರೆದಿಟ್ಟು ಇನ್ನೊಬ್ಬರು ಬಳಸುವುದಕ್ಕೆ ಲೈಬ್ರರಿ ಅಂತಾರೆ. ನೀನು ನಿನ್ನದರ ಜೊತೆ ಸೇರಿಸಿಕೋ, ಅಷ್ಟೆ."

ನಕ್ಷೆ ನಿಜಕ್ಕೂ ಚೆನ್ನಾಗಿತ್ತು. ಕೆಂಜುಟ್ಟಿ ಸೇರಿಸಿಕೊಂಡಿತು. ದೊಡ್ಡ ಪ್ರಾಣಿಗಳಿಗಂತೂ ಹುಚ್ಚು ಹಿಡಿಯಿತು. ಬಿಡುವಾದಾಗಲೆಲ್ಲ ನಕ್ಷೆ ತೆಗೆದು ನೋಡುವುದೇ ಕೆಲಸವಾಯಿತು.

ಕೆಲವು ತಿಂಗಳು ಕಳೆದ ಮೇಲೆ ಪುನುಗು ಮತ್ತೆ ಬಂತು. "ನನ್ನ ಲೈಬ್ರರಿಯ ಹೊಸ ಆವೃತ್ತಿ ತಂದಿದ್ದೇನೆ. ಹಳೆಯದು ಇನ್ನು ನಡೆಯೋದಿಲ್ಲ. ಇದನ್ನು ಹಾಕು."

ಕೆಂಜುಟ್ಟಿ ಅದನ್ನು ಬೂದಜ್ಜಿಯ ಫೋನಿಗೆ ಹಾಕಿ ನೋಡಿತು. ಪರದೆ ಕಪ್ಪಾಯಿತು. ಮತ್ತೊಮ್ಮೆ ಹಾಕಿತು. ಮತ್ತೆ ಕಪ್ಪು.

"ಇದು ಹಳೆ ಫೋನುಗಳಲ್ಲಿ ಓಡುತ್ತಿಲ್ಲ" ಎಂದಿತು ಕೆಂಜುಟ್ಟಿ.

"ಓಡೋದಿಲ್ಲ. ಹೊಸ ಫೋನುಗಳಿಗೆಂದೇ ಬರೆದದ್ದು ಅದು. ಹಳೆಯದನ್ನು ಎಷ್ಟು ದಿನ ಅಂತ ಹೊತ್ತುಕೊಂಡು ತಿರುಗುತ್ತೀ? ಬೇಕಾದವರು ಹೊಸ ಫೋನು ತಗೊಳ್ಳಲಿ."

"ಬೂದಜ್ಜಿ ಹೊಸ ಫೋನು ಎಲ್ಲಿಂದ ತರುತ್ತೆ? ನಾನು ಹಾಕೋದಿಲ್ಲ."

ಪುನುಗು ಜಗಳ ಆಡಲಿಲ್ಲ. ನೆಟ್ಟಗೆ ಕಾಟಿ ಯಜಮಾನನ ಬಳಿಗೆ ಹೋಯಿತು. ಕಾಡಿನ ಪಂಚಾಯಿತಿಗೆ ಕಾಟಿಯೇ ಮುಖ್ಯಸ್ಥ. ಸಂಜೆಗೆ ಬಿದಿರು ಮೆಳೆಯ ಪಕ್ಕ ಸಭೆ ಸೇರಿತು.

"ಎಲ್ಲೋ ಬಿಲದಲ್ಲಿರುವ ನಾಲ್ಕಾರು ಜೀವಗಳಿಗಾಗಿ ಇಡೀ ಕಾಡು ಹಿಂದೆ ಬೀಳಬೇಕಾ ಯಜಮಾನ್ರೇ?" ಎಂದಿತು ಪುನುಗು.

ಕಾಟಿ ತಲೆದೂಗಿತು. ಕಡವೆಗಳೂ ತಲೆದೂಗಿದವು. ಮೊಲಗಳು, ಹೆಗ್ಗಣಗಳು ಸಭೆಯ ಹಿಂದೆ ಹುಲ್ಲಿನಲ್ಲಿ ಕೂತಿದ್ದವು. ಅವನ್ನು ಯಾರೂ ಕೇಳಲಿಲ್ಲ.

"ಹಾಕಿಬಿಡು ಕೆಂಜುಟ್ಟಿ. ಕಾಲ ಬದಲಾಗಿದೆ" ಎಂದಿತು ಕಾಟಿ.

"ಹಾಕೋದಿಲ್ಲ ಯಜಮಾನ್ರೇ."

ಇಂಥ ಉತ್ತರ ಕಾಟಿ ಯಾವತ್ತೂ ಕೇಳಿರಲಿಲ್ಲ. ಅದು ಗೊರಸಿನಿಂದ ನೆಲ ಕೆರೆಯಿತು. "ಹಾಗಾದರೆ ಆ್ಯಪಿನ ಪಾಸ್‌ವರ್ಡು ಪುನುಗಿಗೆ ಕೊಡು. ಇನ್ನು ಮೇಲೆ ಅದೇ ನೋಡಿಕೊಳ್ಳುತ್ತೆ. ನನ್ನ ಮಾತು ಮೀರಿದವರಿಗೆ ಈ ಕಾಡಿನಲ್ಲಿ ಜಾಗ ಇಲ್ಲ."

ಕೆಂಜುಟ್ಟಿ ಪಾಸ್‌ವರ್ಡು ಹೇಳಿತು. ಆಮೇಲೆ ಕಾಟಿಯ ಮುಖವನ್ನೇ ನೋಡುತ್ತ ಅಂದಿತು: "ಆ್ಯಪು ಕಾಡಿನದ್ದು, ಕೊಟ್ಟಿದ್ದೇನೆ. ಪೊಟರೆ ನಾನು ಕೊರೆದದ್ದು. ನನ್ನನ್ನು ಅಲ್ಲಿಂದ ಇಳಿಸಬೇಕು ಅನ್ನಿಸಿದರೆ ಬಂದು ಇಳಿಸಿ."

ಮರುದಿನವೇ ಹೊಸ 'ಹುಷಾರು' ಬಂತು. ಹಳೆಯದನ್ನು ಪುನುಗು ನಿಲ್ಲಿಸಿಬಿಟ್ಟಿತು. ಚಿಕ್ಕ ಜೀವಗಳ ಫೋನುಗಳೆಲ್ಲ ಕಲ್ಲಿನ ಹಾಗೆ ಮೂಕವಾದವು.

ಆ ವಾರದಲ್ಲೇ ಮೊಲದ ಮರಿಯೊಂದು ಕಾಣೆಯಾಯಿತು. ಆಮೇಲೆ ಹೆಗ್ಗಣದ ಮನೆಯಿಂದ ಒಂದು. ಬೂದಜ್ಜಿಯ ಗೂಡಿನ ಮೊಟ್ಟೆಗಳು ಒಡೆದು ಬಿದ್ದಿದ್ದವು. ಕೆಂಜುಟ್ಟಿ ಹಾರಿಹೋಗಿ ಗೂಡಿನ ಸುತ್ತ ನೋಡಿತು. ಹುಲ್ಲಿನ ತುಂಬ ಪುನುಗಿನ ಘಮಲು ಮೆತ್ತಿಕೊಂಡಿತ್ತು.

"ಇದಕ್ಕೇ ಅದು ನಮ್ಮ ಬಾಯಿ ಕಟ್ಟಿದ್ದು. ಮುಂಚೆ ಅದು ಪೊದೆ ದಾಟುವ ಮೊದಲೇ ನಾನು ಗುಂಡಿ ಒತ್ತಿಬಿಡುತ್ತಿದ್ದೆ" ಎಂದಿತು ಬೂದಜ್ಜಿ. ಅದು ಅಳಲಿಲ್ಲ. ಚಿಪ್ಪಿನ ಚೂರುಗಳನ್ನು ಕಾಲಿನಿಂದ ಒಂದೆಡೆ ಸೇರಿಸುತ್ತಿತ್ತು.

ಕೆಂಜುಟ್ಟಿ ಅಲ್ಲಿಂದ ನೆಟ್ಟಗೆ ಹಾರಿತು. ಕಾಟಿಯ ಹತ್ತಿರ ಹೋಗಿ ಹೇಳಿತು. ಕಾಟಿ, "ಘಮಲು ಗಾಳಿಗೆ ಎಲ್ಲಿಗೆ ಬೇಕಾದರೂ ಹೋಗುತ್ತೆ" ಎಂದು ನಕ್ಷೆ ನೋಡುತ್ತ ಮೇಯತೊಡಗಿತು.

ಇನ್ನು ಕೇಳುವುದೇನೂ ಉಳಿದಿರಲಿಲ್ಲ. ಕೆಂಜುಟ್ಟಿ ಪೊಟರೆಗೆ ಬಂದು ಪುನುಗಿನ ಲೈಬ್ರರಿಯನ್ನು ಬಿಚ್ಚಿತು. ನಾನು ಇದನ್ನು ಮೊದಲ ದಿನವೇ ಬಿಚ್ಚಿ ನೋಡಬೇಕಿತ್ತು ಎಂದುಕೊಂಡಿತು. ಅದು ಪುನುಗು ಬರೆದದ್ದೇ ಅಲ್ಲ, ಹೆಸರು ಮಾತ್ರ ಅದರದ್ದು. ಒಳಗೆ ಇನ್ನೊಂದು ಲೈಬ್ರರಿ, ಅದರ ಒಳಗೆ ಮತ್ತೊಂದು. ಕಟ್ಟಕಡೆಯದು ನದಿಯಾಚೆಯ ಕಾಡಿನಲ್ಲಿ ಯಾರೋ ಬರೆದದ್ದು. ಅವರು ಅಲ್ಲಿ ಏನಾದರೂ ಬದಲಾಯಿಸಿದರೆ ಇಲ್ಲಿಯ ಆ್ಯಪು ಯಾರನ್ನೂ ಕೇಳದೆ ಅದನ್ನು ತಂದುಕೊಳ್ಳುತ್ತಿತ್ತು.

ಕೆಂಜುಟ್ಟಿ ಅದೆಲ್ಲವನ್ನೂ ಕಿತ್ತು ಹಾಕಿತು. ಕೂಗುವುದಕ್ಕೆ ಬೇಕಾದಷ್ಟನ್ನು ತಾನೇ ಬರೆಯಿತು. ಫೋನು ಯಾವ ಕಾಲದ್ದು ಎಂದು ಆ್ಯಪು ಮೊದಲು ವಿಚಾರಿಸಿಕೊಳ್ಳುವಂತೆ ಮಾಡಿತು. ಹೊಸದಾದರೆ ಹೊಸ ದಾರಿ, ಹಳೆಯದಾದರೆ ಹಳೆ ದಾರಿ. ಬೂದಜ್ಜಿಯ ಫೋನು ಮಾತ್ರ ಮೊಂಡು ಹಿಡಿಯಿತು. ಹೊಸ ಆಜ್ಞೆಗಳು ಅದಕ್ಕೆ ತಿಳಿಯುತ್ತಿರಲಿಲ್ಲ. ಅದಕ್ಕೆ ತಿಳಿಯುವ ಹಳೆ ಆಜ್ಞೆಗಳನ್ನು ಹುಡುಕಿ ಹುಡುಕಿ ಹಾಕಿದ ಮೇಲೆ ಒಂದು ಮಧ್ಯಾಹ್ನ ಅದು ಕೂಗಿತು. ಬೂದಜ್ಜಿ ಬೆಚ್ಚಿ ಬಿದ್ದು, ಆಮೇಲೆ ನಕ್ಕಿತು.

ಆಮೇಲೆ ಕೆಂಜುಟ್ಟಿ ಹಾಡಹಗಲೇ ಬಿಲದಿಂದ ಬಿಲಕ್ಕೆ ಹೋಗಿ ಒಂದೊಂದೇ ಫೋನಿಗೆ ಅದನ್ನು ಹಾಕಿಕೊಟ್ಟಿತು. ದಾರಿಯಲ್ಲಿ ಪುನುಗು ಅಡ್ಡ ನಿಂತಿತು.

"ಯಜಮಾನ್ರು ಆ್ಯಪು ನನಗೆ ಒಪ್ಪಿಸಿದ್ದು ನೆನಪಿದೆ ತಾನೇ?"

"ನೆನಪಿದೆ. ಹೋಗಿ ಹೇಳು. ಹಾಗೆಯೇ ಇನ್ನೊಂದು ಮಾತು. ನಿನ್ನ ನಕ್ಷೆ ನದಿಯಾಚೆಯ ಯಾರದೋ ಕೈಯಲ್ಲಿದೆ. ಅವರು ಕೈ ತೆಗೆದ ದಿನ ಅದು ಬೀಳುತ್ತೆ. ಒಳಗೆ ಏನಿದೆ ಅಂತ ಒಮ್ಮೆ ನೋಡಿಕೋ."

"ನಡೆಯುವುದನ್ನು ಬಿಚ್ಚಿ ನೋಡುವಷ್ಟು ದಡ್ಡ ನಾನಲ್ಲ" ಎಂದು ಪುನುಗು ಬಾಲ ಬೀಸಿಕೊಂಡು ಹೋಯಿತು.

ಅವತ್ತಿನಿಂದ ಪುನುಗಿಗೆ ಹಸಿವು ಶುರುವಾಯಿತು. ಅದು ಪೊದೆಯಿಂದ ಮೂತಿ ಹೊರಗೆ ಹಾಕಿದರೆ ಸಾಕು, ಯಾವುದೋ ಹೆಗ್ಗಣ ಗುಂಡಿ ಒತ್ತುತ್ತಿತ್ತು. ಒಡಕು ಫೋನುಗಳೆಲ್ಲ ಕಿರುಚುತ್ತಿದ್ದವು. ನೋಡುವಷ್ಟರಲ್ಲಿ ಹುಲ್ಲುಗಾವಲು ಖಾಲಿ. ಪುನುಗಿಗೆ ಆ ಸದ್ದು ಕೇಳಿದರೇ ಮೈ ಉರಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನದಿಯಾಚೆಯವರು ತಮ್ಮ ಲೈಬ್ರರಿಯನ್ನು ಬದಲಾಯಿಸಿದರು. ಪುನುಗಿನ 'ಹುಷಾರು' ಅದನ್ನು ತಂದುಕೊಂಡಿತು, ತಂದುಕೊಂಡು ಕೆಟ್ಟುಹೋಯಿತು. ನಕ್ಷೆ ಮಾತ್ರ ಮೊದಲಿನಂತೆ ಹಸಿರಾಗಿ ನಿಂತಿತ್ತು.

ಅದೇ ಬೆಳಿಗ್ಗೆ ಚಿರತೆ ಬಂತು. ಕಡವೆಯೊಂದು ಅದನ್ನು ಕಂಡು ತನ್ನ ಹೊಸ ಫೋನಿನ ಗುಂಡಿ ಒತ್ತಿತು. ಬಿಳಿ ಚಕ್ರವೊಂದು ಸುತ್ತುತ್ತಲೇ ಇತ್ತು, ಸದ್ದು ಬರಲಿಲ್ಲ. ಕಾಟಿಯ ಕರು ಬಯಲಿನ ನಡುವೆ ಒಂಟಿಯಾಗಿ ಮೇಯುತ್ತಿತ್ತು.

ಆಗ ಬೂದಜ್ಜಿ ಹುಲ್ಲಿನ ನಡುವಿನಿಂದ ಚಿರತೆಯ ಕಾಲು ನೋಡಿತು. ಗುಂಡಿ ಒತ್ತಿತು. ಬಿಲಬಿಲದಿಂದ ಕೂಗು ಎದ್ದಿತು. ನೆಲವೇ ಕೂಗಿದ ಹಾಗಾಯಿತು. ಕಾಟಿ ತಲೆ ಎತ್ತಿತು, ಕರುವಿನ ಕಡೆಗೆ ಧಾವಿಸಿತು. ಕಡವೆಗಳು ದಿಕ್ಕಾಪಾಲಾಗಿ ಓಡಿದವು. ಕರು ಕಾಟಿಯ ಹೊಟ್ಟೆಯ ಅಡಿ ಸೇರಿತು.

ಪುನುಗು ಬಯಲಿನ ಅಂಚಿನಲ್ಲಿ ಮೊಲದ ಬಿಲವೊಂದನ್ನು ಕಾಯುತ್ತ ಕೂತಿತ್ತು. ಕೂಗು ಕೇಳಿ ಅದಕ್ಕೆ ನಗು ಬಂತು. "ನನ್ನನ್ನು ಕಂಡು ಬಾಯಿ ಬಡಿದುಕೊಳ್ಳುತ್ತಿವೆ" ಎಂದುಕೊಂಡಿತು. ಆದರೂ ಒಮ್ಮೆ ತನ್ನ ಫೋನು ನೋಡಿತು. ನಕ್ಷೆಯ ತುಂಬ ಹಸಿರು. ಅದು ನಿಶ್ಚಿಂತೆಯಿಂದ ಅಲ್ಲೇ ಕೂತಿತು.

ಬೇಟೆ ತಪ್ಪಿದ ಸಿಟ್ಟಿನಲ್ಲಿ ಚಿರತೆ ಅದೇ ದಾರಿಯಲ್ಲಿ ಬಂತು.

ಪುನುಗು ಜೀವ ಉಳಿಸಿಕೊಂಡಿತು. ಆದರೆ ಅರ್ಧ ಬಾಲ ಚಿರತೆಯ ಬಾಯಲ್ಲಿ ಉಳಿಯಿತು, ಹಿಂಗಾಲು ಮುರಿಯಿತು. ಅದು ಕುಂಟುತ್ತ ಬಯಲು ದಾಟುವಾಗ ಬಿಲಗಳಿಂದ ಹೊರಬಂದ ಮೊಲಗಳು, ಹೆಗ್ಗಣಗಳು ಸುಮ್ಮನೆ ನಿಂತು ನೋಡಿದವು. ಒಂದೂ ದಾರಿ ಬಿಡಲಿಲ್ಲ. ಪುನುಗು ಸುತ್ತುಬಳಸಿ ಕಾಡು ಬಿಟ್ಟು ಹೋಯಿತು.

ಕಾಟಿ ಯಜಮಾನ ಮತ್ತಿ ಮರದ ಬುಡಕ್ಕೆ ಬಂದು ತಲೆ ಎತ್ತಿ ಕರೆಯಿತು. "ಆ್ಯಪು ಮತ್ತೆ ನೀನೇ ನೋಡಿಕೋ ಕೆಂಜುಟ್ಟಿ. ನಾನು ನಿನ್ನ ಮಾತು ಕೇಳಲಿಲ್ಲ" ಎಂದಿತು.

"ನೋಡಿಕೊಳ್ಳುತ್ತೇನೆ ಯಜಮಾನ್ರೇ. ನಿಮಗೆ ನಕ್ಷೆ ಬೇಕಾದರೆ ಅದನ್ನೂ ನಾನೇ ಬರೆದು ಕೊಡುತ್ತೇನೆ. ಆದರೆ ಕೂಗು ಮಾತ್ರ ಈ ಕಾಡಿನ ಎಲ್ಲಕ್ಕಿಂತ ಹಳೆಯ ಫೋನಿನಲ್ಲೂ ಕೇಳಬೇಕು. ನಾಳೆ ನೀವೇ ಬಂದು ತೆಗೆ ಅಂದರೂ ತೆಗೆಯೋದಿಲ್ಲ."

"ಅನ್ನೋದಿಲ್ಲ" ಎಂದಿತು ಕಾಟಿ.

"ಅಂದರೂ ನನ್ನ ಉತ್ತರ ಏನು ಅಂತ ನಿಮಗೆ ಗೊತ್ತಲ್ಲ" ಎಂದು ಕೆಂಜುಟ್ಟಿ ತನ್ನ ಕೆಲಸಕ್ಕೆ ತಿರುಗಿತು.

ನೀತಿ: ಬೇರೆಯವರು ಬರೆದದ್ದನ್ನು ಬಳಸುವ ಮೊದಲು ಅದು ಯಾವುದರ ಮೇಲೆ ನಿಂತಿದೆ ಎಂದು ತಿಳಿದುಕೊಳ್ಳಬೇಕು. ಹೊಸದನ್ನು ತರುವಾಗ ಹಳೆಯದನ್ನು ನಂಬಿ ಬದುಕುವವರ ಕೈ ಬಿಡಬಾರದು. ಬಿಡು ಎಂದು ದೊಡ್ಡವರೇ ಹೇಳಿದರೂ ಬಿಡಬಾರದು.