ಹಿಂಬಾಗಿಲಿಗೆ ಹೋದ ಜೀರ್ಣರಸ

ಮರಿಗೌಡರ ಮೇದೋಜೀರಕ ಗ್ರಂಥಿಯ ಒಂದು ಜೀವಕೋಶದಲ್ಲಿ ಜೀರ್ಣರಸ ತುಂಬಿದ ಚೀಲವೊಂದಿತ್ತು. ಗೌಡರು ಬೀಗರ ಮನೆಯ ಬಾಡೂಟಕ್ಕೆ ಕುಳಿತ ಸುದ್ದಿ ಬಂದದ್ದೇ ತಡ, ಚೀಲಗಳೆಲ್ಲ ಮುಂಬಾಗಿಲಿಗೆ ಓಡಿ ಸಾಲುಗಟ್ಟಿದವು. ಅಲ್ಲಿ ಪೊರೆಯ ಮೇಲೆ ಕಾವಲು ನಿಂತ ಪ್ರೋಟೀನು ಒಂದೊಂದೇ ಚೀಲದ ಜುಟ್ಟಿಗೆ ತನ್ನ ಜುಟ್ಟು ಹೆಣೆದು, ಹತ್ತಿರಕ್ಕೆಳೆದು, ರಸವನ್ನು ಕರುಳಿನ ದಾರಿಗೆ ಸುರಿಸುತ್ತಿತ್ತು. ಜುಟ್ಟು ಹೆಣೆಯದೆ ಬಾಗಿಲು ತೆರೆಯುವಂತಿರಲಿಲ್ಲ.

ನಮ್ಮ ಚೀಲಕ್ಕೆ ಕಾಯುವ ತಾಳ್ಮೆ ಎಲ್ಲಿಯದು? ಅದು ಸಾಲೇ ಇಲ್ಲದ ಹಿಂಬಾಗಿಲಿಗೆ ಹೋಗಿ, "ಕಾವಲಿನವರೇ, ಬೇಗ ಜುಟ್ಟು ಕೊಡಿ," ಎಂದಿತು.

"ಹೊರಗೆ ಹೋಗಿ ಏನು ಮಾಡುವಿರಿ?" ಎಂದು ಅಲ್ಲಿನ ಪ್ರೋಟೀನು ಕೇಳಿತು.

"ಎದುರಿಗೆ ಸಿಕ್ಕ ಮಾಂಸವನ್ನೆಲ್ಲ ಕರಗಿಸಿ ನೀರು ಮಾಡುವೆ!"

"ಈ ಬಾಗಿಲಾಚೆ ಊಟವಿಲ್ಲ, ನಮ್ಮದೇ ಮನೆಯ ಗೋಡೆಗಳಿವೆ. ಗೋಡೆ ಯಾವುದರಿಂದ ಕಟ್ಟಿದ್ದೆಂದು ಮುಟ್ಟಿ ನೋಡಿ."

ಚೀಲ ಮುಟ್ಟಿತು. ಮೆತ್ತಗಿತ್ತು. "ಅಯ್ಯೋ, ಮಾಂಸ!"

"ನಾನೂ ಅದೇ ಸರಕು," ಎಂದು ಪ್ರೋಟೀನು ಜುಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು.

ಚೀಲ ತೆಪ್ಪಗೆ ಹೋಗಿ ಸಾಲಿನ ತುದಿಯಲ್ಲಿ ನಿಂತಿತು, ಗೋಡೆಗೆ ಒರಗದೆ. ಹಿಂದೆ ಬಂದ ಚೀಲವೊಂದು ಕೇಳಿತು: "ಅಣ್ಣಾ, ಆ ಬಾಗಿಲು ಖಾಲಿಯಿದೆಯಲ್ಲ?"

"ಅದು ಖಾಲಿಯಿರುವುದರಿಂದಲೇ ನಮಗೆ ನಿಲ್ಲಲು ಮನೆಯಿದೆ. ಸುಮ್ಮನೆ ನಿಲ್ಲಪ್ಪ."