ಸಿದ್ದಾಜಿಯ ಸೆರಗಿನ ಮೂರು ಗಂಟು

ಗೋಡೆ ಕಡೆ ತಿರುಗಿ ಮಲಗಿದ್ರೆ ಮಲಗು ಚಂಪಿ, ಒಂದು ಕಿವಿ ನನ್ನ ಕಡೆ ಇದ್ರೆ ಸಾಕು. ಮಧ್ಯಾಹ್ನ ಮದುವೆ ಮನೆಯಿಂದ ಬಂದಾಗಿನಿಂದ ನೀನು ಮಾತಾಡಿಲ್ಲ, ನಾನೂ ಏನಂತ ಕೇಳಿಲ್ಲ. ಅಯ್ಯೋ, ಸೆರಗು ಎಳೀಬೇಡವೇ! ಅದರಲ್ಲಿ ಏನು ಕಟ್ಟಿದೀನಿ ಅಂತ ಕತೆ ಆದಮೇಲೆ ನೋಡುವಂತೆ. ಈಗ ಹೂಂ ಅಂತಿರು, ಹೂಂ ಅನ್ನೋರಿಲ್ಲದಿದ್ರೆ ನನಗೆ ಕತೆ ಮುಂದಕ್ಕೆ ಹೋಗೋದೇ ಇಲ್ಲ.

ಒಂದಾನೊಂದು ಕಾಲದಲ್ಲಿ, ಆಗ ನಾನೂ ಹುಟ್ಟಿರಲಿಲ್ಲ, ನನಗೆ ಈ ಕತೆ ಹೇಳಿದ ನಮ್ಮಜ್ಜೀನೂ ಹುಟ್ಟಿರಲಿಲ್ಲ, ಒಂದು ಹಳ್ಳೀಲಿ ದ್ಯಾವಣ್ಣ ಅಂತ ಒಬ್ಬ ಕಂಬಳಿ ನೇಯೋನು ಇದ್ದನಂತೆ. ಅವನಿಗೆ ಸಿದ್ದಾಜಿ ಅಂತ ಹೆಂಡತಿ, ಕಾಳವ್ವ ಅಂತ ತಾಯಿ. ಕಾಳವ್ವನಿಗೆ ಎರಡು ಕಣ್ಣೂ ಹೋಗಿ ಎಷ್ಟೋ ವರ್ಷ ಆಗಿತ್ತಂತೆ, ಆದ್ರೂ ಬೆರಳಲ್ಲೇ ತಡವಿ ತಡವಿ ಎಂಥಾ ನೂಲು ತೆಗೀತಿದ್ದಳು ಅಂದ್ರೆ ಕಣ್ಣಿದ್ದೋರು ನಾಚಬೇಕು. ಸಿದ್ದಾಜಿ ಉಣ್ಣೆ ತೊಳೆದು ಹಿಂಜಿ ಕೊಡೋದು, ಅತ್ತೆ ನೂಲೋದು, ದ್ಯಾವಣ್ಣ ನೇಯೋದು. ಹಿಂಗೆ ಮೂರು ಜನ ಸೇರಿ ಮಾಡಿದ ಒಂದು ಕಂಬಳಿ ಆ ಕೈ ಈ ಕೈ ದಾಟಿ ಕೊನೆಗೆ ದೊರೆ ಹೆಗಲ ಮೇಲೆ ಹೋಗಿ ಕೂತಿತಂತೆ. ದೊರೆಗೆ ಅದು ಬಹಳ ಹಿಡಿಸ್ತು. ಇದನ್ನ ನೇಯ್ದೋನು ಮನೆಯೋರನ್ನ ಕರ್ಕೊಂಡು ಪಟ್ಟಣಕ್ಕೆ ಬರಲಿ, ಎರಡು ದಿನ ಊರು ನೋಡಲಿ, ಬೇಕುಬೇಕಾದ್ದು ತಿನ್ನಲಿ, ಮೂರನೇ ದಿನ ಅರಮನೇಲಿ ನಮ್ಮ ಜೊತೆ ಊಟಕ್ಕೆ ಕೂರಲಿ ಅಂತ ಹೇಳಿಕಳಿಸಿದನಂತೆ.

ಆಮೇಲೆ ದ್ಯಾವಣ್ಣನ ಕಾಲು ನೆಲದ ಮೇಲೆ ನಿಲ್ಲಬೇಕಲ್ಲ! ಶಾನುಭೋಗರ ಮನೆಗೆ ಹೋಗಿ ಅವರ ಜರಿ ಪೇಟ ಕೇಳಿ ಇಸ್ಕೊಂಡು ಬಂದನಂತೆ. ಅದು ಅವನ ತಲೆಗೆ ದೊಡ್ಡದು, ಕಿವಿ ಮೇಲಕ್ಕೆ ಜಾರೋದು. ಹೊರಡೋ ಹೊತ್ತಿಗೆ ಕಾಳವ್ವ ಸೊಸೆ ಕೈ ಹಿಡ್ಕೊಂಡು, ನನಗೂ ಪಟ್ಟಣ ನೋಡೋ ಆಸೆ ಇತ್ತು ಕಣೆ ಸಿದ್ದಿ, ಕಣ್ಣಿದ್ದಾಗ ಪುರುಸೊತ್ತಿರಲಿಲ್ಲ, ಪುರುಸೊತ್ತು ಬಂದಾಗ ಕಣ್ಣಿರಲಿಲ್ಲ ಅಂದಳಂತೆ. ಅದಕ್ಕೆ ಸಿದ್ದಾಜಿ, ಅತ್ತೆ, ನಾನು ಪಟ್ಟಣಾನ ಸೆರಗಲ್ಲಿ ಕಟ್ಕೊಂಡು ಬರ್ತೀನಿ, ನೀನು ಇಲ್ಲೇ ಕೂತು ನೋಡುವಂತೆ ಅಂದಳಂತೆ. ದ್ಯಾವಣ್ಣ ಪಕ್ಕದಲ್ಲೇ ಇದ್ದ. ಕೇಳಿಸ್ತು ಅವನಿಗೆ, ಆದ್ರೆ ಪೇಟ ಕಿವಿ ಮೇಲಿತ್ತಲ್ಲ, ಒಳಗೆ ಇಳೀಲಿಲ್ಲ.

ಹೂಂ ಅನ್ನು.

ಆಮೇಲೆ ಮೊದಲನೇ ದಿನ ಆನೆ ಲಾಯ ನೋಡೋಕೆ ಹೋದರಂತೆ. ಆನೆ ನೋಡಿದ್ದೂ ಆಯ್ತು, ಎದುರಿಗೇ ಒಂದು ದೋಸೆ ಅಂಗಡಿ, ಕಾವಲಿ ಮೇಲೆ ಬೆಣ್ಣೆ ಚುರ್ ಅಂತಿದೆ, ವಾಸನೆ ಬೀದಿ ತುಂಬ ಹರಡಿದೆ. ಇಬ್ಬರೂ ಜಗಲಿ ಮೇಲೆ ಕೂತು ಮೂರು ಮೂರು ದೋಸೆ ತಿಂದರಂತೆ. ನಾಲ್ಕನೇದು ಬಂದಾಗ ಸಿದ್ದಾಜಿ ತಿನ್ನಲಿಲ್ಲ. ದೋಸೇನ ಎಲೆ ಮೇಲೆ ಹಾಸಿ, ಉಗುರಲ್ಲಿ ಅಂಚು ಹರೀತಾ, ದೂರ ಇಟ್ಟು ನೋಡ್ತಾ, ಮತ್ತೆ ಹರೀತಾ ಏನೋ ಮಾಡ್ತಿದ್ದಳಂತೆ. ಆಮೇಲೆ ಅದನ್ನ ಮುತ್ತುಗದ ಎಲೇಲಿ ಸುತ್ತಿ ಸೆರಗಿನ ತುದೀಲಿ ಗಂಟು ಹಾಕಿದಳು. ಪಕ್ಕದಲ್ಲಿ ಕೂತಿದ್ದ ಪಟ್ಟಣದೋರು ನೋಡಿದ್ರು. ಊರಲ್ಲಿ ಬೆಕ್ಕು ಸಾಕಿರಬೇಕು ಅಂದ ಒಬ್ಬ. ಬೆಕ್ಕಿಗಲ್ಲ ಕಣಯ್ಯ, ನಾಳೆ ಬೆಳಗ್ಗೆಗೆ ಅಂದ ಇನ್ನೊಬ್ಬ. ಎಲ್ಲರೂ ಹಲ್ಲು ಬಿಟ್ಟರಂತೆ. ದ್ಯಾವಣ್ಣನಿಗೆ ಮೈಯೆಲ್ಲಾ ಬಿಸಿ ಆಯ್ತು. ಅಷ್ಟು ದೊಡ್ಡ ಪೇಟ ಇಟ್ಕೊಂಡು ಇಂಥವಳ ಪಕ್ಕ ಕೂತಿದೀನಲ್ಲಪ್ಪ ಅನ್ನಿಸಿ, ಜಗಲಿ ಮೇಲೆ ಒಂದು ಮೊಳ ಆಚೆಗೆ ಸರಿದು ಕೂತನಂತೆ.

ಎರಡನೇ ದಿನ ಬಳೆಪೇಟೆ. ಬೀದಿ ಉದ್ದಕ್ಕೂ ಎರಡೂ ಕಡೆ ಬಳೆ, ಕೆಂಪು ಹಸಿರು ಹಳದಿ, ಬಿಸಿಲು ಬಿದ್ರೆ ಕಣ್ಣು ಬಿಡೋಕಾಗಲ್ಲ. ಅಲ್ಲಿ ಒಂದು ಮೂಲೇಲಿ ಜಿಲೇಬಿ ಅಂಗಡಿ. ತಿಂದರು, ಹೊಟ್ಟೆ ಬಿರಿಯೋ ಹಂಗೆ ತಿಂದರು, ಮೇಲೊಂದು ಲೋಟ ಬಾದಾಮಿ ಹಾಲೂ ಕುಡಿದರು. ಆಮೇಲೆ ಸಿದ್ದಾಜಿ ತಟ್ಟೇಲಿದ್ದ ಜಿಲೇಬಿ ಎಲ್ಲಾ ಹೆಕ್ಕಿ ಹೆಕ್ಕಿ ನೋಡಿ, ಎಲ್ಲೂ ಮುರೀದೆ ಇರೋ, ದುಂಡಗೆ ಇರೋ ಒಂದನ್ನ ಆರಿಸಿ ಎರಡನೇ ಗಂಟು ಹಾಕಿದಳಂತೆ. ಪಾಕ ಸೋರಿ ಸೆರಗು ಅಂಟಂಟು, ನೊಣ ಬೇರೆ ಮುತ್ಕೊಂಡ್ವು. ಅಂಗಡಿಯೋನು ನಗ್ತಾ, ಯಾರ ಕಡೆಯೋರು ಸ್ವಾಮಿ ಈಯಮ್ಮ, ನಿಮ್ಮೋರಾ ಅಂತ ದ್ಯಾವಣ್ಣನ್ನ ಕೇಳಿದನಂತೆ. ದ್ಯಾವಣ್ಣನ ಬಾಯಿಂದ ಏನು ಬಂತು ಗೊತ್ತಾ? ಇಲ್ಲಪ್ಪ, ದಾರೀಲಿ ಜೊತೆ ಸಿಕ್ಕಿದೋಳು ಅಂತ ಬಂತು.

ಸಿದ್ದಾಜಿಗೆ ಕೇಳಿಸ್ತು. ಬೆರಳು ನೆಕ್ತಾ ಇದ್ದೋಳು ನಿಲ್ಲಿಸಿದಳು. ಆಮೇಲೆ ಅವತ್ತೆಲ್ಲಾ ಗಂಡನಿಗಿಂತ ಹತ್ತು ಹೆಜ್ಜೆ ಹಿಂದೆಯೇ ನಡೆದಳಂತೆ. ದ್ಯಾವಣ್ಣ ಮೂರ್ನಾಲ್ಕು ಸಲ ಹಿಂದಕ್ಕೆ ತಿರುಗಿ ನೋಡಿದ, ಬಾ ಅನ್ನೋಕೆ ಬಾಯಿ ಬರಲಿಲ್ಲ. ಮೊದಲು ಅವಳ ಗಂಟು ನೋಡಿ ನಾಚಿಕೆ, ಈಗ ತನ್ನ ಮಾತು ನೆನೆಸ್ಕೊಂಡು ನಾಚಿಕೆ. ಎರಡರಲ್ಲಿ ಎರಡನೇದೇ ಹೆಚ್ಚು ಸುಡ್ತಿತ್ತು. ಆದ್ರೂ ಪೇಟ ಸರಿಮಾಡ್ಕೊಂಡು ಮುಂದೆ ಹೋದ, ಮೂರ್ಖ.

ಮೂರನೇ ದಿನ ಅರಮನೆ. ಒಂದು ಬಾಗಿಲು ದಾಟಿದ್ರೆ ಇನ್ನೊಂದು ಬಾಗಿಲು, ಅದು ದಾಟಿದ್ರೆ ಮತ್ತೊಂದು, ಕೊನೆಗೆ ಊಟದ ಸಾಲೆ. ಗಂಡಸರ ಪಂಕ್ತಿ ಈ ಕಡೆ, ಹೆಂಗಸರ ಪಂಕ್ತಿ ಎದುರಿಗೆ. ಕೋಸಂಬರಿ ಬಂತು, ಪಲ್ಯ ಬಂತು, ಮಾವಿನಕಾಯಿ ಚಿತ್ರಾನ್ನ ಬಂತು, ಆಮೇಲೆ ಚಿರೋಟಿ ಬಂತಂತೆ. ಬೆಳ್ಳಗೆ, ಪದರ ಪದರವಾಗಿ, ಮುಟ್ಟಿದ್ರೆ ಉದುರೋ ಹಂಗೆ. ಸಿದ್ದಾಜಿ ಚಿತ್ರಾನ್ನ ಎರಡು ತುತ್ತು ತಿಂದಿದ್ದಳೋ ಇಲ್ಲವೋ, ಅದನ್ನ ಅಲ್ಲೇ ಬಿಟ್ಟು, ತನ್ನ ಚಿರೋಟೀನ ಎರಡು ಕೈಲೂ ಎತ್ತಿ ಬಾಳೆ ಎಲೇಲಿ ಸುತ್ತಿ ಮೂರನೇ ಗಂಟು ಹಾಕಿದಳು. ಅಷ್ಟರಲ್ಲಿ ಪಾರುಪತ್ತೇಗಾರ ನೋಡ್ಬಿಟ್ಟ. ಊಟದ ಮನೆ ಉಸ್ತುವಾರಿ ಅವನದು, ಮೀಸೆ ಈ ಕಿವಿಯಿಂದ ಆ ಕಿವಿಗೆ. ಅರಮನೆ ಅನ್ನ ಹೊಟ್ಟೆ ತುಂಬ ತಿನ್ನಬಹುದು, ಹೊರಗೆ ಒಯ್ಯೋ ಹಂಗಿಲ್ಲ, ಗೊತ್ತಿಲ್ವಾ ನಿನಗೆ ಅಂತ ಗುಡುಗಿದನಂತೆ. ಇಡೀ ಪಂಕ್ತಿ ಎಲೆಯಿಂದ ಕೈ ತೆಗೆದು ನೋಡ್ತು. ಯಾರ ಹೆಂಡತಿ ಈಕೆ, ಯಜಮಾನ ಎದ್ದು ನಿಂತ್ಕೊಳ್ಳಲಿ ಅಂದ.

ದ್ಯಾವಣ್ಣ ಏಳಲಿಲ್ಲ. ತಲೆ ತಗ್ಗಿಸಿ ಎಲೇಲಿದ್ದ ಉಪ್ಪಿನಕಾಯಿ ನೋಡ್ತಾ ಕೂತನಂತೆ.

ಸಿದ್ದಾಜಿ ಎದುರಿನ ಸಾಲಲ್ಲಿ ಆ ಪೇಟಾನ ನೋಡಿದಳು. ಒಂದು ಸಲ ನೋಡಿದಳು ಅಷ್ಟೇ. ಆಮೇಲೆ ಪಾರುಪತ್ತೇಗಾರನಿಗೆ, ನನ್ನ ಕಡೆಯೋರು ಯಾರೂ ಇಲ್ಲ ಸ್ವಾಮಿ, ನಾನು ಒಬ್ಬಳೇ ಬಂದೆ ಅಂದಳಂತೆ. ಅವಳನ್ನ ಎಬ್ಬಿಸಿ ಕರ್ಕೊಂಡು ಹೋದರು. ಹೆಬ್ಬಾಗಿಲ ಹತ್ರ ಸೆರಗಿನ ಮೂರೂ ಗಂಟು ಬಿಚ್ಚಿಸಿ, ಅದರಲ್ಲಿ ಇದ್ದದ್ದನ್ನ ಕಾಗೆಗೆ ಎಸೆದರಂತೆ.

ಇತ್ತ ದ್ಯಾವಣ್ಣ ಕೈಲಿದ್ದ ತುತ್ತನ್ನ ಎಲೆಗೇ ವಾಪಸ್ಸು ಹಾಕಿದ. ಅವಳು ನನ್ನ ಮರ್ಯಾದೆ ಉಳಿಸೋಕೆ ಹಂಗಂದಳು ಅಂತ ಅವನಿಗೆ ಗೊತ್ತಾಗದೆ ಇರುತ್ತಾ? ಆಗ ನೋಡು, ದೊರೆ ಬಂದನಂತೆ. ಹೆಗಲ ಮೇಲೆ ಅದೇ ಕಂಬಳಿ. ನೇರ ದ್ಯಾವಣ್ಣನ ಎದುರಿಗೆ ಬಂದು ನಿಂತು, ಇಂಥಾ ನೂಲು ತೆಗೆದ ಕೈ ಯಾರದಯ್ಯ ಅಂದ. ನಮ್ಮವ್ವಂದು ಸ್ವಾಮಿ, ಕಣ್ಣಿಲ್ಲ ಅವಳಿಗೆ ಅಂದ ದ್ಯಾವಣ್ಣ. ಉಣ್ಣೆ ಇಷ್ಟು ಮೆತ್ತಗೆ ಹಿಂಜಿದ್ದು ಯಾರು ಅಂದ ದೊರೆ. ನನ್ನ ಹೆಂಡತಿ ಅಂದ. ಮನೆಯೋರನ್ನೂ ಕರ್ಕೊಂಡು ಬಾ ಅಂದಿದ್ದೆನಲ್ಲ, ಎಲ್ಲಿ ನಿನ್ನ ಹೆಂಡತಿ ಅಂದನಂತೆ ದೊರೆ.

ಎದುರಿನ ಸಾಲಲ್ಲಿ ಒಂದು ಎಲೆ ಮುಂದೆ ಯಾರೂ ಇರಲಿಲ್ಲ. ಚಿತ್ರಾನ್ನ ಹಂಗೇ ಇತ್ತು.

ದ್ಯಾವಣ್ಣ ಎದ್ದು ನಿಂತ. ಹೊರಡೋವಾಗ ಅವಳು ಅವ್ವನಿಗೆ ಹೇಳಿದ ಸೆರಗಿನ ಮಾತು ಈಗ ಅವನ ಕಿವಿ ಒಳಗೆ ಇಳೀತಂತೆ. ಸ್ವಾಮಿ, ಈಗ ತಾನೇ ಕಳ್ಳಿ ಹಂಗೆ ಹೊರಗೆ ಕಳಿಸಿದ್ರಲ್ಲ, ಅವಳೇ ನನ್ನ ಹೆಂಡತಿ, ಅವಳು ಕಟ್ಟಿದ್ದು ನಮ್ಮವ್ವನಿಗೆ, ನನ್ನ ಹೆತ್ತೋಳಿಗೆ, ಕೇಳಿದಾಗ ನಾನು ಏಳಲಿಲ್ಲ, ನಾಚಿಕೆ ಆಯ್ತು ಅಂತ ಏಳಲಿಲ್ಲ, ಅಂದ. ಅಂದು ತಲೆಯಿಂದ ಆ ಜರಿ ಪೇಟ ತೆಗೆದು, ಸುತ್ತೆಲ್ಲಾ ಬಿಚ್ಚಿ ನೆಲದ ಮೇಲೆ ಹಾಸಿ, ತನ್ನ ಎಲೇಲಿದ್ದ ಚಿರೋಟೀನ ಅದರಲ್ಲಿಟ್ಟು ಎಲ್ಲರ ಎದುರಿಗೇ ಗಂಟು ಹಾಕಿದನಂತೆ. ಪಾರುಪತ್ತೇಗಾರ ಬಾಯಿ ತೆಗೆಯೋಕೆ ಹೋದ, ದೊರೆ ಕೈಸನ್ನೆ ಮಾಡಿ ಸುಮ್ಮನಾಗಿಸಿದ. ದೊರೆಗೂ ಒಬ್ಬ ತಾಯಿ ಇದ್ದಳಲ್ಲ.

ಹೆಬ್ಬಾಗಿಲ ಆಚೆ ಕಲ್ಲಿನ ಮೇಲೆ ಸಿದ್ದಾಜಿ ಕೂತಿದ್ದಳಂತೆ, ಸೆರಗು ಮುದ್ದೆಯಾಗಿ ಮಡಿಲಲ್ಲಿ ಬಿದ್ದಿತ್ತು. ತಪ್ಪಾಯ್ತು ಕಣೆ, ನಾನು ಒಬ್ಬಳೇ ಬಂದೆ ಅಂತ ನನ್ನ ಸಲುವಾಗಿ ಸುಳ್ಳು ಹೇಳಿದೆಯಲ್ಲ ಅಂದ ದ್ಯಾವಣ್ಣ. ಅದಕ್ಕೆ ಅವಳು, ಸುಳ್ಳೇನು ಹೇಳಲಿಲ್ಲ, ಜಿಲೇಬಿ ಅಂಗಡಿಯಿಂದ ಈಚೆಗೆ ನಾನು ಒಬ್ಬಳೇ ಇದ್ದೆ ಅಂದಳಂತೆ. ದ್ಯಾವಣ್ಣ ಅವಳ ಪಕ್ಕ ನೆಲದ ಮೇಲೇ ಕೂತ. ಆಮೇಲೆ ಸಿದ್ದಾಜಿ ಅವನ ಕೈಲಿದ್ದ ಪೇಟ ನೋಡಿ, ಎಷ್ಟು ಸಡಿಲ ಕಟ್ಟಿದೀಯ, ಊರು ಸೇರೋ ಹೊತ್ತಿಗೆ ಎಲ್ಲಾ ಪುಡಿ, ಕೊಡು ಇಲ್ಲಿ ಅಂತ ಇಸ್ಕೊಂಡು ತಾನೇ ಬಿಚ್ಚಿ ಕಟ್ಟಿದಳಂತೆ.

ಆಮೇಲೆ ದ್ಯಾವಣ್ಣ ಅವಳನ್ನ ಕರ್ಕೊಂಡು ಬಂದ ದಾರೀಲೇ ವಾಪಸ್ಸು ಹೋದ. ಜಿಲೇಬಿ ಅಂಗಡಿ ಮುಂದೆ ನಿಂತು, ಏನಪ್ಪ, ನಿನ್ನೆ ಕೇಳಿದೆಯಲ್ಲ, ಈಕೆ ನನ್ನ ಹೆಂಡತಿ, ಮುರೀದೆ ಇರೋದು ಒಂದು ಜಿಲೇಬಿ ಕೊಡು, ನಮ್ಮವ್ವನಿಗೆ ಕಟ್ಕೋಬೇಕು ಅಂತ ಬೀದಿಗೆಲ್ಲಾ ಕೇಳಿಸೋ ಹಂಗೆ ಹೇಳಿದನಂತೆ. ಅಂಗಡಿಯೋನು ಕಣ್ಣು ಕಣ್ಣು ಬಿಟ್ಟ. ನೀವು ಯಾರು ಸ್ವಾಮಿ, ನನಗೆ ನೆನಪೇ ಇಲ್ಲ ಅಂದ. ದೋಸೆ ಅಂಗಡೀಲೂ ಅದೇ, ಸಿದ್ದಾಜಿ ಮತ್ತೊಂದು ದೋಸೆ ಇಸ್ಕೊಂಡು ಅಂಚು ಹರಿದು ಕಟ್ಕೊಂಡಳು, ಯಾರೂ ಇವರನ್ನ ನೆನಪಿಟ್ಕೊಂಡಿರಲಿಲ್ಲ. ನಗೋದು ನಕ್ಕು, ಎಲೆ ಎಸೆದು, ತಮ್ಮ ತಮ್ಮ ಪಾಡಿಗೆ ಹೋಗಿದ್ರು. ಇಂಥೋರ ಮುಂದೆ ಮಾನ ಉಳಿಸ್ಕೊಳ್ಳೋಕೆ ಅಂತ ಅವನು ಅವಳನ್ನ ಬಿಟ್ಟುಕೊಟ್ಟಿದ್ದ. ದ್ಯಾವಣ್ಣನಿಗೆ ಅಳು ಬಂದದ್ದು ಅಲ್ಲಿ, ದೋಸೆ ಅಂಗಡಿ ಜಗಲಿ ಮೇಲೆ.

ಎದ್ದಿದೀಯಾ? ಸರಿ, ಇನ್ನು ಸ್ವಲ್ಪಾನೇ.

ಊರಿಗೆ ಬಂದರು. ಕಾಳವ್ವ ಬಾಗಿಲಲ್ಲೇ ಕೂತಿದ್ದಳಂತೆ, ಪಟ್ಟಣಾನ ತಂದ್ಯೇನೆ ಅಂತ ಕೇಳಿದಳು. ಸಿದ್ದಾಜಿ ಮೊದಲನೇ ಗಂಟು ಬಿಚ್ಚಿ, ದೋಸೇನ ಅತ್ತೆ ಅಂಗೈ ಮೇಲೆ ಹಾಸಿದಳು. ತಡವಿ ನೋಡು ಅತ್ತೆ, ಇದು ಆನೆ ಕಿವಿ, ಹಿಂಗೇ ಅಗಲ, ಅಂಚಲ್ಲಿ ಹಿಂಗೇ ಹರಕು ಹರಕು, ಇದರ ಮುವ್ವತ್ತರಷ್ಟು ದೊಡ್ಡದು ಅಂದ್ಕೋ ಅಂದಳು. ಎರಡನೇದು ಬಿಚ್ಚಿ, ಇದು ಬಳೆಪೇಟೆ, ಬೆರಳಿಗೆ ಹಾಕ್ಕೊಂಡು ನೋಡು, ದುಂಡಗೆ, ನುಣ್ಣಗೆ, ಇಂಥವು ಸಾವಿರ ಅಂದಳು. ಮೂರನೇದು ಪೇಟದ ಗಂಟು. ಇದು ಅರಮನೆ ಅತ್ತೆ, ಮೇಲಿನ ಪದರ ಎತ್ತು, ಒಳಗೆ ಇನ್ನೊಂದು, ಅದನ್ನೂ ಎತ್ತು, ಮತ್ತೊಂದು, ಅಲ್ಲಿ ಬಾಗಿಲು ದಾಟಿದ್ರೆ ಬಾಗಿಲು, ಹಿಂಗೇ ಇತ್ತು ಅಂದಳಂತೆ. ಮುದುಕಿ ಬೆರಳಾಡಿಸ್ತಾ, ಆಮೇಲೆ ಬಾಯಿಗೆ ಹಾಕ್ಕೊಳ್ತಾ, ಅಯ್ಯೋ ನೋಡ್ಬಿಟ್ಟೆ ಕಣೆ, ಎಲ್ಲಾ ನೋಡ್ಬಿಟ್ಟೆ ಅಂತ ಕುಣಿಯೋದೊಂದು ಬಾಕಿ.

ದ್ಯಾವಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಅವಳು ದೋಸೆ ಹರಿದದ್ದು ಯಾಕೆ, ಜಿಲೇಬಿ ಆರಿಸಿದ್ದು ಯಾಕೆ ಅಂತ ಅವನಿಗೆ ಗೊತ್ತಾದದ್ದು ಆಗಲೇ.

ಆಮೇಲೆ ಕಾಳವ್ವ, ನನ್ನ ಮಗ ನಿನ್ನ ಚೆನ್ನಾಗಿ ನೋಡ್ಕೊಂಡನೇನೆ ಅಂದಳಂತೆ. ಹೂಂ ಅತ್ತೆ ಅಂದಳು ಸಿದ್ದಾಜಿ. ಅಲ್ಲಿಗೆ ಮುಚ್ಚಿಹೋಗ್ತಿತ್ತು. ಆದ್ರೆ ದ್ಯಾವಣ್ಣನೇ ಮುಂದೆ ಬಂದು, ಇಲ್ಲ ಕಣವ್ವ ಅಂತ ಜಗಲಿ ಮೇಲೆ ಸರಿದದ್ದು, ದಾರೀಲಿ ಸಿಕ್ಕಿದೋಳು ಅಂದದ್ದು, ಅರಮನೇಲಿ ಏಳದೆ ಹೋದದ್ದು, ಒಂದೂ ಬಿಡದೆ ಹೇಳಿದನಂತೆ. ಕಾಳವ್ವ ಅಗಿಯೋದು ನಿಲ್ಲಿಸಿದಳು. ಬಯ್ಯಲಿಲ್ಲ. ಚಿರೋಟೀಲಿ ಉಳಿದ ಅರ್ಧಾನ ತಡವಿ ತಡವಿ ಎತ್ತಿ ಸೊಸೆ ಬಾಯಿ ಹುಡುಕಿ ಇಟ್ಟಳಂತೆ, ತಿನ್ನೇ, ಎಲೆ ಮುಂದಿಂದ ಎಬ್ಬಿಸಿದ್ರಂತಲ್ಲ ನಿನ್ನ, ನೀನೆಲ್ಲಿ ಉಂಡಿದ್ದೆ ಅಂತ. ಮಗನಿಗೆ ಕೊಡಲಿಲ್ಲ. ಅವತ್ತು ಕೊಡಲಿಲ್ಲ, ಮಾರನೇ ದಿನ ಉಳಿದಿದ್ದ ಜಿಲೇಬೀಲಿ ಒಂದು ಚೂರು ಕೊಟ್ಟಳಂತೆ.

ಶಾನುಭೋಗರ ಪೇಟಕ್ಕೆ ತುಪ್ಪ ಇಳಿದು ವರ್ಷಗಟ್ಟಲೆ ಇರುವೆ ಬಿಡಲಿಲ್ಲ ಅಂತ ಬೇರೆ ಹೇಳ್ತಾರೆ. ದ್ಯಾವಣ್ಣ ಮತ್ತೆ ಯಾವತ್ತೂ ಪೇಟ ಕೇಳೋಕೆ ಹೋಗಲಿಲ್ಲವಂತೆ. ಎಲ್ಲಿ ಊಟಕ್ಕೆ ಹೋದ್ರೂ ಹೆಂಡತಿ ಪಕ್ಕದಲ್ಲೇ ಕೂತು, ಅವನೇ ಮೊದಲು ಗಂಟು ಕಟ್ಟೋನಂತೆ. ಹಂಗೆ ಮೂರು ಜನ ನೂತು, ನೇಯ್ದು, ಉಂಡು ಸುಖವಾಗಿದ್ರಂತೆ.

ಅಳ್ತಿದೀಯಾ ಚಂಪಿ? ಮದುವೆ ಊಟದಲ್ಲಿ ನಾನು ಸೆರಗಲ್ಲಿ ಕಟ್ಟೋವಾಗ ನಿನ್ನ ಗೆಳತಿಯರು ಕಿಸಕ್ ಅಂದ್ರು, ಆ ಮುದುಕಿ ಯಾರೇ ಅಂತ ಒಬ್ಬಳು ಕೇಳಿದಳು, ನೀನು ಎದ್ದು ಆಚೆ ಪಂಕ್ತಿಗೆ ಹೋದೆ. ನನಗೇನು ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ, ಬೇಜಾರಾಯ್ತು. ಈಗ ಈ ಕಡೆ ತಿರುಗು. ತಗೋ, ನೀನೇ ಬಿಚ್ಚು. ಎರಡು ಲಾಡು ಇದೆ. ಒಂದು, ಜ್ವರ ಬಂದು ಮದುವೆಗೆ ಬರಲಾರದೆ ಮಲಗಿದಾಳಲ್ಲ ನಿಮ್ಮಮ್ಮ, ಅವಳಿಗೆ. ಇನ್ನೊಂದು ನಿನ್ನದು. ಆಚೆ ಪಂಕ್ತೀಲಿ ಕೂತು ನೀನು ಏನೂ ತಿನ್ನಲಿಲ್ಲ, ಎಲೆ ನೋಡ್ತಾ ಕೂತಿದ್ದೆ. ನಾನು ನೋಡ್ತಾನೇ ಇದ್ದೆ.

ಗಂಟು ಬಿಚ್ಚಿತು, ಕತೆ ಮುಗೀತು.